ಕರ್ಣ ಯಾಕೆ ಹಾಗೆ ಮಾಡಿದ? ಓದುಗರ ಪ್ರಶ್ನೆಗಳಿಗೆ ಅಕ್ಕೋರ ಉತ್ತರ

ಪ್ರೌಢಶಾಲೆಯ ಮಕ್ಕಳಿಗೆ ಕಥೆ, ಕಾವ್ಯಗಳನ್ನು ಓದಿಸುವ ಕುರಿತು ಬಂದ ಪತ್ರಗಳು ಈ ಸಲ ಹೆಚ್ಚು. ಶಿಕ್ಷಕರು ಬರೆದಿದ್ದಾರೆ, ಪಾಲಕರು ಬರೆದಿದ್ದಾರೆ, ಮಕ್ಕಳೂ ಬರೆದಿದ್ದಾರೆ. ಮೊದಲ ಪತ್ರಕ್ಕೆ ಉದ್ದವಾಗಿ ಉತ್ತರಿಸಿದ್ದೇನೆ. ಮಿಕ್ಕ ಪತ್ರಗಳಿಗೂ ಅದರಲ್ಲಿ ಒಂದಿಷ್ಟು ಉತ್ತರ ಸಿಗಬಹುದು.

ಪ್ರಶ್ನೆ: ಅಕ್ಕೋರೇ, ನಮಸ್ಕಾರ. ಹತ್ತನೆಯ ತರಗತಿಗೆ ಕುಮಾರವ್ಯಾಸನ ‘ಕೌರವೇಂದ್ರನ ಕೊಂದೆ ನೀನು’ ಭಾಗವನ್ನು ಕಲಿಸಿದೆ. ಕೃಷ್ಣ ಕರ್ಣನಿಗೆ ಜನ್ಮರಹಸ್ಯ ಹೇಳಿ, ಪಾಂಡವರ ಕಡೆಗೆ ಸೆಳೆಯಲು ನೋಡುವ ಸಂದರ್ಭ. ಮಕ್ಕಳು ಇಷ್ಟಪಟ್ಟೇ ಕೇಳಿದರು. ಆದರೆ ಕರ್ಣನ ಪಾತ್ರವನ್ನು ಚಿತ್ರಿಸಿ ಎಂದಾಗ ಎಲ್ಲರ ಪುಟದಲ್ಲೂ ಒಂದೇ ಉತ್ತರ: ದಾನಶೂರ, ಪರಾಕ್ರಮಿ, ಸ್ವಾಮಿನಿಷ್ಠ, ತ್ಯಾಗಿ. ಎಲ್ಲವೂ ಗೈಡಿನ ಮಾತು. ಮಕ್ಕಳನ್ನು ಪಾತ್ರದ ಒಳಗೆ ಕರೆದೊಯ್ಯುವುದು ಹೇಗೆ?
— ಕನ್ನಡ ಶಿಕ್ಷಕಿ, ಶಿರಸಿ ತಾಲ್ಲೂಕು

ಉತ್ತರ: ತಂಗಿ, ಆ ನಾಲ್ಕು ಮಾತುಗಳಲ್ಲಿ ಸುಳ್ಳೇನೂ ಇಲ್ಲ. ತೊಂದರೆ ಇರುವುದು ಬೇರೆ ಕಡೆ. ಪದ್ಯವನ್ನು ಓದದೆಯೂ ಆ ನಾಲ್ಕು ಮಾತು ಬರೆಯಬಹುದು. ಆದ್ದರಿಂದ ಮುಂದಿನ ಸಲ ಪ್ರಶ್ನೆಯನ್ನೇ ಬದಲಿಸಿ ನೋಡಿ. ‘ಕರ್ಣ ಎಂಥವನು’ ಎಂದು ಕೇಳಬೇಡಿ. ‘ಇಲ್ಲಿ ಕರ್ಣ ಏನು ಮಾಡಿದ, ಯಾಕೆ ಹಾಗೆ ಮಾಡಿದ’ ಎಂದು ಕೇಳಿ. ಗುಣವಾಚಕ ಹೇಳಿ ತಪ್ಪಿಸಿಕೊಳ್ಳಲು ಆಗ ದಾರಿ ಇರುವುದಿಲ್ಲ. ಪದ್ಯಕ್ಕೇ ಮರಳಬೇಕು.

ಮೊದಲು ಅರ್ಥ ಹೇಳದೆ ಆ ಭಾಮಿನಿ ಷಟ್ಪದಿಗಳನ್ನು ಗಟ್ಟಿಯಾಗಿ ಓದಿ. ರಾಗವಾಗಿ ಕಾವ್ಯ ಓದುವ ಗಮಕ ಬಾರದಿದ್ದರೂ ಚಿಂತೆಯಿಲ್ಲ, ನಡೆ ತಪ್ಪದಿದ್ದರೆ ಸಾಕು. ಎರಡನೆಯ ಸಲ ಓದುವಾಗ ಮೂರು ಕಡೆ ನಿಲ್ಲಿಸಿ.

ಒಂದು, ಅವರಿಬ್ಬರೂ ಕುಳಿತ ಜಾಗ. ಕೃಷ್ಣ ಕರ್ಣನನ್ನು ರಥದೊಳಗೆ ಬರಸೆಳೆದು ತನ್ನ ಪೀಠದಲ್ಲೇ ಕೂರಿಸಿಕೊಳ್ಳುತ್ತಾನೆ. ನಿಮ್ಮೊಡನೆ ಸರಿಸಮನಾಗಿ ಕೂರಲು ಅಂಜುತ್ತೇನೆ ಎಂದು ಕರ್ಣ ಹೇಳಿದರೆ, ಕೃಷ್ಣ ‘ತೊಡೆಸೋಂಕಿನಲಿ ಸಾರಿದು’ ಮಾತು ಶುರು ಮಾಡುತ್ತಾನೆ. ತೊಡೆಗೆ ತೊಡೆ ತಾಗುವಷ್ಟು ಹತ್ತಿರ! ಹುಟ್ಟಿದಾಗಿನಿಂದ ಸೂತಪುತ್ರ ಎಂದು ದೂರ ಕೂರಿಸಿಕೊಂಡವನ ಪಕ್ಕದಲ್ಲಿ ದ್ವಾರಕೆಯ ಒಡೆಯ ಹೀಗೆ ಕುಳಿತರೆ ಅವನಿಗೆ ಏನನ್ನಿಸಿರಬಹುದು? ಕೃಷ್ಣ ಯಾಕೆ ಹೀಗೆ ಕುಳಿತ? ಪ್ರೀತಿಯಿಂದಲೋ, ಉಪಾಯದಿಂದಲೋ? ಮಕ್ಕಳು ಇಲ್ಲೇ ಎರಡು ಪಕ್ಷವಾಗುತ್ತಾರೆ. ಆಗಲಿ, ಬಿಡಿ. ನೀವು ತೀರ್ಪು ಕೊಡಲು ಹೋಗಬೇಡಿ.

ಎರಡು, ರಹಸ್ಯ ಕೇಳಿದ ಕ್ಷಣ. ಕರ್ಣನ ಕೊರಳ ಸೆರೆ ಹಿಗ್ಗುತ್ತದೆ, ಕಣ್ಣೀರು ಉಕ್ಕುತ್ತದೆ. ಅಮ್ಮ ಯಾರೆಂದು ಈಗಷ್ಟೇ ತಿಳಿದಿದೆ. ಆದರೆ ಅವನ ಮನಸ್ಸಿನಲ್ಲಿ ಮೊದಲು ಹುಟ್ಟುವ ಮಾತು ‘ಅಕಟಾ ಕುರುಪತಿಗೆ ಕೇಡಾದುದು’ ಎಂಬುದು. ‘ತನ್ನ ವಂಶವನರುಹಿ ಕೊಂದನು’ ಎಂಬ ಮಾತು ಆಮೇಲೆ ಬರುತ್ತದೆ. ಈ ಎರಡು ಯೋಚನೆಗಳ ಅನುಕ್ರಮವನ್ನು ಬೋರ್ಡಿನ ಮೇಲೆ ಬರೆಯಿರಿ. ಮೊದಲು ಗೆಳೆಯನ ಗತಿ, ನಂತರ ತನ್ನ ಗತಿ. ‘ಸ್ವಾಮಿನಿಷ್ಠ’ ಎಂದು ಗೈಡು ಒಂದೇ ಪದದಲ್ಲಿ ಮುಗಿಸಿದ್ದು ಇದನ್ನೇ. ಆದರೆ ಪದ್ಯದಲ್ಲಿ ಅದು ಗಂಟಲು ಕಟ್ಟಿದ ಮನುಷ್ಯನ ಒಳಗಿನ ತಳಮಳವಾಗಿದೆ.

ಮೂರನೆಯ ಜಾಗ ನನಗೆ ಬಹಳ ಮುಖ್ಯ. ಬಹುತೇಕ ತರಗತಿಗಳಲ್ಲಿ ಅದು ಅರ್ಥ ಹೇಳುವ ಅವಸರದಲ್ಲಿ ಹಾರಿಹೋಗುತ್ತದೆ. ಕೊನೆಯಲ್ಲಿ ಕರ್ಣ ಎರಡು ಮಾತು ಕೊಡುತ್ತಾನೆ. ಕೌರವನ ಋಣ ತೀರುವಂತೆ ಹೋರಾಡಿ, ಒಡೆಯನಿಗಾಗಿ ದೇಹವನ್ನೇ ನೂಕುತ್ತೇನೆ ಎಂಬುದು ಒಂದು. ‘ನಿನ್ನಯ ವೀರರೈವರ ನೋಯಿಸೆನು’ ಎಂಬುದು ಇನ್ನೊಂದು. ಎರಡೂ ಒಂದೇ ಉಸಿರಿನಲ್ಲಿ! ಆ ಐವರನ್ನು ನೋಯಿಸದೆ ದುರ್ಯೋಧನನ ಯುದ್ಧ ಗೆಲ್ಲುವುದು ಹೇಗೆ? ಹಾಗಾದರೆ ಕರ್ಣ ಸ್ವಾಮಿನಿಷ್ಠನೇ? ಆಣೆ ಇಡುವುದೂ ಸೂರ್ಯನ ಮೇಲೆ, ಅಂದರೆ ಇದೀಗ ತಂದೆಯೆಂದು ತಿಳಿದವನ ಮೇಲೆ. ಇಲ್ಲಿ ತರಗತಿ ಸ್ವಲ್ಪ ಹೊತ್ತು ಮೌನವಾಗುತ್ತದೆ. ಆ ಮೌನವನ್ನು ತುಂಬಲು ಅವಸರಪಡಬೇಡಿ.

ನಾನು ಕುಮಟಾ ಕಡೆಯ ಶಾಲೆಯಲ್ಲಿದ್ದಾಗ ಇದೇ ಪದ್ಯ ಓದುತ್ತಿದ್ದೆವು. ಹಿಂದಿನ ಬೆಂಚಿನ ಹುಡುಗನೊಬ್ಬ, ತಡದಿ ಬಂದರಿನ ಕಡೆಯವನು, ತಾನಾಗಿ ಎದ್ದು ನಿಂತ. ಅವನ ತಂದೆ ಬೇರೆಯವರ ಬೋಟಿನಲ್ಲಿ ಖಲಾಸಿ. ‘ಅಕ್ಕೋರೇ, ಅಪ್ಪನಿಗೆ ಇನ್ನೊಂದು ಬೋಟಿನವರು ಹೆಚ್ಚು ಪಾಲು ಕೊಡುತ್ತೇವೆಂದು ಕರೆದರು. ಅಜ್ಜಿ ಆಸ್ಪತ್ರೆಯಲ್ಲಿದ್ದಾಗ ಹಣ ಕೊಟ್ಟವರು ಈಗಿನ ಬೋಟಿನ ಮಾಲೀಕರು. ಹಾಗಾಗಿ ಅಪ್ಪ ಹೋಗಲಿಲ್ಲ. ಕರ್ಣನದೂ ಹಾಗೆಯೇ’ ಎಂದ. ಆ ಹುಡುಗ ಅದಕ್ಕೂ ಮೊದಲು ಕನ್ನಡ ತರಗತಿಯಲ್ಲಿ ಬಾಯಿ ಬಿಟ್ಟವನಲ್ಲ. ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಅಷ್ಟರಲ್ಲಿ ಮುಂದಿನ ಸಾಲಿನ ಹುಡುಗಿ ತಿರುಗಿ ಕೇಳಿದಳು: ‘ಆ ಇನ್ನೊಂದು ಬೋಟಿನಲ್ಲಿ ನಿನ್ನ ಅಪ್ಪನ ಸ್ವಂತ ತಮ್ಮಂದಿರಿದ್ದು, ಎರಡು ಬೋಟುಗಳಿಗೂ ಕಡಲಿನಲ್ಲಿ ಜಗಳವಾದರೆ?’ ಹುಡುಗ ಯೋಚಿಸಿ, ‘ಆಗ ಅಪ್ಪ ಕೆಲಸಕ್ಕೆ ಹೋಗುತ್ತಾರೆ, ಆದರೆ ಕೈ ಎತ್ತುವುದಿಲ್ಲ’ ಎಂದ. ಪದ್ಯದ ಕೊನೆಯ ಆ ಎರಡು ಪ್ರತಿಜ್ಞೆಗಳಿಗೆ ಇದಕ್ಕಿಂತ ಹತ್ತಿರದ ವ್ಯಾಖ್ಯಾನವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಇಲ್ಲೊಂದು ಎಚ್ಚರ ಬೇಕು. ಮಗುವಿನ ಅನುಭವವನ್ನು ಕೇಳಿ ಸಂತೋಷಪಟ್ಟು ಅಲ್ಲಿಗೇ ಬಿಟ್ಟರೆ ತರಗತಿ ಹರಟೆಯಾಗುತ್ತದೆ. ‘ಹಾಗಾದರೆ ನಿನ್ನ ಅಪ್ಪನಿಗೂ ಕರ್ಣನಿಗೂ ಇರುವ ವ್ಯತ್ಯಾಸ ಯಾವ ಸಾಲಿನಲ್ಲಿದೆ?’ ಎಂದು ಕೇಳಿ ಮಗುವನ್ನು ಮತ್ತೆ ಪದ್ಯಕ್ಕೆ ಕರೆತರಬೇಕು. ಕರ್ಣ ತನಗೆ ತಿಳಿದದ್ದನ್ನು ದುರ್ಯೋಧನನಿಗೆ ಹೇಳುವುದಿಲ್ಲ. ಖಲಾಸಿ ತನ್ನ ಮಾಲೀಕನಿಗೆ ಹೇಳಿರಬಹುದು. ಹೇಳದೆ ಇಟ್ಟುಕೊಂಡ ಗುಟ್ಟು ಮನುಷ್ಯನನ್ನು ಏನು ಮಾಡುತ್ತದೆ ಎಂಬುದು ಅಲ್ಲಿಂದ ಮುಂದಿನ ಚರ್ಚೆ. ವ್ಯಾಸಭಾರತದಲ್ಲಿ ಕರ್ಣ ಈ ವಿಷಯವನ್ನು ಯುಧಿಷ್ಠಿರನಿಗೆ ತಿಳಿಸಬೇಡ ಎಂದು ಕೃಷ್ಣನನ್ನೇ ಕೇಳಿಕೊಳ್ಳುತ್ತಾನೆ. ಗೊತ್ತಾದರೆ ಧರ್ಮರಾಯ ರಾಜ್ಯವನ್ನು ತನಗೆ ಒಪ್ಪಿಸುತ್ತಾನೆ, ತಾನು ಅದನ್ನು ದುರ್ಯೋಧನನಿಗೆ ಕೊಟ್ಟುಬಿಡುತ್ತೇನೆ ಎಂಬ ಕಾರಣಕ್ಕೆ. ಇದನ್ನೂ ಮಕ್ಕಳಿಗೆ ಹೇಳಿ. ಒಬ್ಬನೇ ಕರ್ಣನನ್ನು ಇಬ್ಬರು ಕವಿಗಳು ಹೇಗೆ ಕಂಡರು ಎಂದು ಹೋಲಿಸಲು ಹತ್ತನೆಯ ತರಗತಿಯ ಮಕ್ಕಳಿಗೆ ಖಂಡಿತ ಶಕ್ತಿಯಿದೆ.

ಇನ್ನು ನಿಮ್ಮ ತಾಲ್ಲೂಕಿನಲ್ಲೇ ಇರುವ ದಾರಿಯೊಂದನ್ನು ಹೇಳುತ್ತೇನೆ: ತಾಳಮದ್ದಲೆ. ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲೂ ದೇವಸ್ಥಾನದ ಸಭಾಭವನಗಳಲ್ಲೂ ನಡೆಯುವ ಕೂಟಗಳನ್ನು ನೀವು ನೋಡಿಯೇ ಇರುತ್ತೀರಿ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಎದುರುಬದುರು ಕುಳಿತ ಅರ್ಥಧಾರಿಗಳು ಆ ಪಾತ್ರಗಳಾಗಿ ಮಾತಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಆದರೆ ಪದ್ಯದ ಚೌಕಟ್ಟು ಮೀರುವಂತೆಯೂ ಇಲ್ಲ. ಇವತ್ತು ಕೃಷ್ಣಸಂಧಾನದಲ್ಲಿ ಕೌರವನಾದವರು ನಾಳೆ ಅದೇ ಪ್ರಸಂಗದಲ್ಲಿ ಕೃಷ್ಣನಾಗಿ ಕೌರವನ ವಾದವನ್ನು ಕತ್ತರಿಸಬೇಕಾಗುತ್ತದೆ. ಪಾತ್ರಪರಿಶೀಲನೆಗೆ ಇದಕ್ಕಿಂತ ಒಳ್ಳೆಯ ಶಾಲೆ ಎಲ್ಲಿದೆ?

ತರಗತಿಯಲ್ಲಿ ಇದನ್ನು ಹೀಗೆ ಮಾಡಬಹುದು. ಒಂದು ಮಗು ಷಟ್ಪದಿ ಓದಲಿ. ಒಬ್ಬ ಕೃಷ್ಣ, ಒಬ್ಬಳು ಕರ್ಣ. ಪದ್ಯ ಮುಗಿದ ಕೂಡಲೇ ಪಾತ್ರವಾಗಿ ತಮ್ಮ ಮಾತಿನಲ್ಲಿ ಅರ್ಥ ಹೇಳಲಿ. ಎದುರಿಗಿರುವವರಿಗೆ ‘ಇದು ಪದ್ಯದಲ್ಲಿ ಎಲ್ಲಿದೆ?’ ಎಂದು ತಡೆದು ಕೇಳುವ ಹಕ್ಕಿರಲಿ. ತೋರಿಸಲಾಗದಿದ್ದರೆ ಆ ಮಾತನ್ನು ಹಿಂದಕ್ಕೆ ಪಡೆಯಬೇಕು. ಮರುದಿನ ಪಾತ್ರ ಅದಲುಬದಲು. ನಿನ್ನೆ ಕೃಷ್ಣನನ್ನು ಕಪಟಿ ಎಂದು ಬೈದ ಹುಡುಗಿ ಇವತ್ತು ಕೃಷ್ಣನಾಗಿ ಮಾತಾಡಬೇಕು. ಯುದ್ಧ ತಪ್ಪಿಸಲು ಬಂದು ಬರಿಗೈಯಲ್ಲಿ ಮರಳುತ್ತಿರುವ ದೂತನ ಕಷ್ಟ ಅವಳಿಗೆ ಆಗ ಕಾಣುತ್ತದೆ. ಹೆಣ್ಣುಮಕ್ಕಳಿಗೆ ಹೆಣ್ಣು ಪಾತ್ರ ಮಾತ್ರ ಎಂಬ ಕಟ್ಟುಪಾಡು ದಯವಿಟ್ಟು ಬೇಡ. ನಿಮ್ಮೂರ ಹತ್ತಿರದ ಅರ್ಥಧಾರಿಯೊಬ್ಬರನ್ನು ಒಂದು ಮಧ್ಯಾಹ್ನ ಶಾಲೆಗೆ ಕರೆದರೆ ಅವರು ಸಂತೋಷದಿಂದ ಬರುತ್ತಾರೆ. ಭಾಷಣ ಮಾಡಿಸಬೇಡಿ. ಮಕ್ಕಳ ಎದುರಿಗೆ ಪಾತ್ರವಾಗಿ ಕೂರಿಸಿ, ಮಕ್ಕಳೇ ಅವರನ್ನು ಪ್ರಶ್ನಿಸಲಿ.

ಆಮೇಲೆ ಬರೆಯಲು ಹೇಳಿ. ‘ತ್ಯಾಗಿ’ ಎಂದು ಬರೆದವರು ಪಕ್ಕದಲ್ಲಿ ಸಾಲು ತೋರಿಸಬೇಕು ಎಂಬ ಒಂದೇ ನಿಯಮ ಇಡಿ. ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ, ಉತ್ತರ ಉದ್ದವಾಗುತ್ತದೆ.

ಪ್ರಶ್ನೆ: ನಮ್ಮ ಮನೆಮಾತು ಕೊಂಕಣಿ. ಒಂಬತ್ತನೆಯ ತರಗತಿಯ ಮಗ ಕನ್ನಡ ಕಥೆಗಳನ್ನು ಓದುತ್ತಾನೆ, ಕಥೆ ಏನಾಯಿತೆಂದು ಸರಿಯಾಗಿ ಹೇಳುತ್ತಾನೆ. ಆದರೆ ‘ಕಥೆಯ ವಸ್ತು ಏನು’ ಎಂದರೆ ‘ಸುಳ್ಳು ಹೇಳಬಾರದು’, ‘ಹಿರಿಯರ ಮಾತು ಕೇಳಬೇಕು’ ಎಂದು ಒಂದು ನೀತಿ ಹೇಳಿ ಪುಸ್ತಕ ಮುಚ್ಚುತ್ತಾನೆ. ನಾನು ಹೆಚ್ಚು ಓದಿದವಳಲ್ಲ. ಅವನಿಗೆ ಹೇಗೆ ಸಹಾಯ ಮಾಡಲಿ?
— ಒಬ್ಬ ತಾಯಿ, ಕೋಡಿಬಾಗ, ಕಾರವಾರ

ಉತ್ತರ: ಮೊದಲಿಗೆ ಮನೆಮಾತಿನ ವಿಷಯ. ಕಥೆಯ ಬಗ್ಗೆ ಅವನೊಡನೆ ಕೊಂಕಣಿಯಲ್ಲೇ ಮಾತಾಡಿ. ದುಃಖ, ಸಿಟ್ಟು, ಅಸೂಯೆಗಳ ಬಗ್ಗೆ ಮಗು ಯೋಚಿಸುವುದು ಅಮ್ಮನ ಭಾಷೆಯಲ್ಲೇ. ಯೋಚನೆ ಗಟ್ಟಿಯಾದ ಮೇಲೆ ಅದನ್ನು ಕನ್ನಡದಲ್ಲಿ ಬರೆಯುವುದು ಕಷ್ಟವಲ್ಲ. ನಮ್ಮ ಜಿಲ್ಲೆಯ ತರಗತಿಗಳಲ್ಲಿ ಕೊಂಕಣಿ, ಮರಾಠಿ, ನವಾಯತಿ, ಹಾಲಕ್ಕಿ ಮತ್ತು ಹವ್ಯಕ ಕನ್ನಡ ಎಲ್ಲವೂ ಒಂದೇ ಬೆಂಚಿನಲ್ಲಿ ಕುಳಿತಿರುತ್ತವೆ. ಅವನ್ನು ಬಾಗಿಲ ಹೊರಗೆ ಬಿಟ್ಟು ಬಾ ಎಂದರೆ ಮಗು ಯೋಚನೆಯನ್ನೂ ಹೊರಗೇ ಬಿಟ್ಟು ಬರುತ್ತದೆ.

ಇನ್ನು ನೀತಿಯ ವಿಷಯ. ಹೆಚ್ಚು ಓದಿದವಳಲ್ಲ ಎಂದಿದ್ದೀರಿ. ಗೋವಿನ ಹಾಡು ನಿಮಗೆ ಗೊತ್ತೇ ಇರುತ್ತದೆ. ಪುಣ್ಯಕೋಟಿಯ ಕಥೆಯ ನೀತಿ ಸತ್ಯ ಹೇಳಬೇಕು ಎಂಬುದು. ಅದು ಸರಿ. ಈಗ ಮಗನನ್ನು ಕೇಳಿ: ಕೊಟ್ಟ ಮಾತನ್ನು ಪುಣ್ಯಕೋಟಿ ಉಳಿಸಿಕೊಂಡಳು, ಆದರೆ ಅದರ ಬೆಲೆ ಕೊಡಬೇಕಾಗಿದ್ದವರು ಯಾರು? ‘ಯಾರ ಮೊಲೆಯನು ಕುಡಿಯಲಮ್ಮ, ಯಾರ ಬಳಿಯಲಿ ಮಲಗಲಮ್ಮ’ ಎಂದು ಕೇಳುವುದು ಕರು. ಹುಲಿಗೆ ಮಾತು ಕೊಡುವಾಗ ಕರುವನ್ನು ಯಾರೂ ಕೇಳಿರಲಿಲ್ಲ. ತಾಯಿಗೆ ಸತ್ಯ ದೊಡ್ಡದೋ ಮಗು ದೊಡ್ಡದೋ? ಹಸಿದ ಹುಲಿ ಕೊನೆಗೆ ತಿನ್ನದೆ ಯಾಕೆ ಪ್ರಾಣ ಬಿಟ್ಟಿತು? ಬಿಟ್ಟು ಹೋಗಬಹುದಿತ್ತಲ್ಲ? ಇವಕ್ಕೆ ಒಂದು ಸಾಲಿನ ಉತ್ತರವಿಲ್ಲ. ಕಥೆ ಮುಗಿದ ಮೇಲೂ ಮುಗಿಯದೆ ಉಳಿಯುವ ಇಂಥ ಪ್ರಶ್ನೆಯೇ ಕಥೆಯ ವಸ್ತು ಎಂದು ಮಗನಿಗೆ ಹೇಳಿ. ನೀತಿ ಸಿಕ್ಕ ಮೇಲೆ ಪುಸ್ತಕ ಮುಚ್ಚಬಹುದು, ವಸ್ತು ಸಿಕ್ಕಿದರೆ ಇನ್ನೊಮ್ಮೆ ತೆರೆಯಬೇಕಾಗುತ್ತದೆ.

ನೀವು ಕಾರವಾರದವರಾದ್ದರಿಂದ ಇನ್ನೊಂದು ಮಾತು. ಸಂಜೆ ಮಗನೊಡನೆ ರವೀಂದ್ರನಾಥ ಟಾಗೋರ್ ಕಡಲತೀರಕ್ಕೆ ಹೋಗುತ್ತಿದ್ದರೆ, ಆ ಹೆಸರು ಅಲ್ಲಿಗೆ ಹೇಗೆ ಬಂತೆಂದು ಹೇಳಿ. ರವೀಂದ್ರರ ಅಣ್ಣ ಸತ್ಯೇಂದ್ರನಾಥ ಟಾಗೋರ್ ಐಸಿಎಸ್ ಸೇರಿದ ಮೊದಲ ಭಾರತೀಯ. ಅವರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತಮ್ಮ ಇಲ್ಲಿಗೆ ಬಂದಿದ್ದರು. ಇಪ್ಪತ್ತೆರಡರ ಆಸುಪಾಸಿನ ಆ ತರುಣ ಇಲ್ಲೇ ಒಂದು ನಾಟ್ಯಕಾವ್ಯ ಬರೆದರು. ‘ಪ್ರಕೃತಿಯ ಪ್ರತೀಕಾರ’ ಎಂಬ ಅರ್ಥದ ಹೆಸರಿನ ಆ ಬಂಗಾಳಿ ಕೃತಿ 1884ರಲ್ಲಿ ಪ್ರಕಟವಾಯಿತು. ಎಲ್ಲ ಮಮತೆಯನ್ನೂ ಗೆದ್ದೆ ಎಂದುಕೊಂಡ ಸನ್ಯಾಸಿ, ಅವನ ಬಳಿ ಆಸರೆ ಕೇಳಿ ಬರುವ ಅನಾಥ ಬಾಲಕಿ. ಮಮತೆ ಹುಟ್ಟುತ್ತಿದೆ ಎಂದು ಗೊತ್ತಾದಾಗ ಸನ್ಯಾಸಿ ಅವಳನ್ನು ಬಿಟ್ಟು ಓಡುತ್ತಾನೆ. ಮತ್ತೆ ಹುಡುಕಿಕೊಂಡು ಬರುವಷ್ಟರಲ್ಲಿ ತಡವಾಗಿರುತ್ತದೆ. ‘ಅನಾಥರಿಗೆ ಸಹಾಯ ಮಾಡಬೇಕು’ ಎಂದು ನಿಮ್ಮ ಮಗ ನೀತಿ ಹೇಳಬಹುದು. ಸೀಮಿತವಾದದ್ದರ ಒಳಗೇ ಅಸೀಮವನ್ನು ಕಾಣುವ ಆನಂದವೇ ಇದರ ವಸ್ತು ಎಂದೂ, ತಮ್ಮ ಮುಂದಿನ ಬರವಣಿಗೆಗೆಲ್ಲ ಇದೇ ಪೀಠಿಕೆ ಎಂದೂ ರವೀಂದ್ರರು ನಂತರ ತಮ್ಮ ನೆನಪುಗಳಲ್ಲಿ ಬರೆದರು. ಒಂದು ಪುಟ್ಟ ಹುಡುಗಿಯ ಕಥೆಯಲ್ಲಿ ಅಷ್ಟು ದೊಡ್ಡ ಮಾತು ಎಲ್ಲಿ ಅಡಗಿತ್ತು ಎಂದು ಮಗ ಕೇಳಿದರೆ, ಅವನ ಓದು ಶುರುವಾಯಿತು ಎಂದು ತಿಳಿಯಿರಿ.

ಪ್ರಶ್ನೆ: ಅಕ್ಕೋರೇ, ‘ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ’ ಪ್ರಶ್ನೆಯಲ್ಲಿ ಆಯ್ಕೆ, ಸಂದರ್ಭ ಬರೆಯಲು ಬರುತ್ತದೆ. ಸ್ವಾರಸ್ಯಕ್ಕೆ ಏನು ಬರೆಯಬೇಕೆಂದೇ ತಿಳಿಯುವುದಿಲ್ಲ. ‘ಇಲ್ಲಿ ಕವಿ ಸ್ವಾರಸ್ಯಪೂರ್ಣವಾಗಿ ವರ್ಣಿಸಿದ್ದಾನೆ’ ಎಂದು ಬರೆದು ಬರುತ್ತೇನೆ.
— ಹತ್ತನೆಯ ತರಗತಿಯ ವಿದ್ಯಾರ್ಥಿನಿ, ಕುಮಟಾ

ಉತ್ತರ: ಮಗಳೇ, ಆ ವಾಕ್ಯವನ್ನು ಇವತ್ತಿನಿಂದ ಬರೆಯಬೇಡ. ಅದು ಎಲ್ಲ ಪಾಠಕ್ಕೂ ಹೊಂದುತ್ತದೆ, ಆದ್ದರಿಂದ ಯಾವ ಪಾಠಕ್ಕೂ ಸೇರುವುದಿಲ್ಲ.

ಈ ಮಾತನ್ನು ಹೇಳಿದವರಿಗೆ ಏನು ಬೇಕಾಗಿತ್ತು? ಕೇಳಿದವರಿಗೆ ಏನಾಯಿತು? ಈ ಎರಡನ್ನು ಕೇಳಿಕೋ. ಕರ್ಣನಿಗೆ ಕೃಷ್ಣ ಹೇಳುವ ಮಾತೊಂದಿದೆ: ಎಡಕ್ಕೆ ಕೌರವರು, ಬಲಕ್ಕೆ ಪಾಂಡವರು, ನಡುವೆ ಓಲಗದಲ್ಲಿ ನೀನು ಒಪ್ಪುವ ವೈಭವವನ್ನು ಬಿಟ್ಟು, ಕುರುಪತಿ ಮಾತಾಡಿಸಿದಾಗ ‘ಜೀಯ ಹಸಾದವೆಂಬುದು ಕಷ್ಟ ನಿನಗೆ’. ಅಂದರೆ, ‘ಒಡೆಯಾ, ಪ್ರಸಾದ’ ಎಂದು ಆಳಿನಂತೆ ತಲೆಬಾಗುವುದು. ಕೃಷ್ಣನಿಗೆ ಬೇಕಾಗಿದ್ದು ಕರ್ಣ ಕೌರವನನ್ನು ಬಿಡುವುದು. ಆದರೆ ಅವನು ‘ನನಗಾಗಿ ಬಾ’ ಎನ್ನಲಿಲ್ಲ, ‘ನಿನಗೆ ಕಷ್ಟ’ ಎಂದ. ಕರ್ಣನ ಹಳೆಯ ಅವಮಾನವನ್ನು ಕೆಣಕುತ್ತಾ ಅವನ ಕಣ್ಣೆದುರು ಸಿಂಹಾಸನದ ಚಿತ್ರ ಬಿಡಿಸಿದ. ಕರ್ಣ ಆ ಚಿತ್ರಕ್ಕೆ ಸೋಲಲಿಲ್ಲ, ಗೆಳೆಯನಿಗೆ ಬಂದ ಕೇಡಿಗೆ ಅತ್ತ. ನೋಡು, ಸ್ವಾರಸ್ಯದ ಮೂರು ನಾಲ್ಕು ವಾಕ್ಯಗಳು ಆಗಿಯೇ ಹೋದವು. ಇದನ್ನು ಬಾಯಿಪಾಠ ಮಾಡಬೇಡ. ಬೇರೊಂದು ಪಾಠದ ಮಾತನ್ನು ತೆಗೆದುಕೊಂಡು ಇದೇ ಎರಡು ಪ್ರಶ್ನೆ ಹಾಕಿ ನೀನೇ ಬರೆದು, ನಿಮ್ಮ ಶಿಕ್ಷಕರಿಗೆ ತೋರಿಸು.

ಪ್ರಶ್ನೆ: ಮಕ್ಕಳು ಎಲ್ಲರನ್ನೂ ಒಳ್ಳೆಯವರು, ಕೆಟ್ಟವರು ಎಂದು ಎರಡು ಸಾಲಿನಲ್ಲಿ ನಿಲ್ಲಿಸುತ್ತಾರೆ. ದುರ್ಯೋಧನ ಎಂದರೆ ಖಳನಾಯಕ, ಮುಗಿಯಿತು. ಇದನ್ನು ಬಿಡಿಸುವುದು ಹೇಗೆ?
— ಶಿಕ್ಷಕ, ಯಲ್ಲಾಪುರ

ಉತ್ತರ: ರನ್ನನ ಗದಾಯುದ್ಧದಿಂದ ಒಂದು ಭಾಗ ಓದಿಸಿ. ಆ ಕಾವ್ಯದ ನಾಯಕ ಭೀಮ. ಹೆಸರೇ ಸಾಹಸಭೀಮ ವಿಜಯ. ಆಶ್ರಯದಾತ ಸತ್ಯಾಶ್ರಯನನ್ನು ಕವಿ ಭೀಮನಿಗೆ ಸಮೀಕರಿಸಿದ್ದಾನೆ. ಆದರೂ ಹೆಣಗಳ ನಡುವೆ ಒಬ್ಬನೇ ನಡೆಯುವ ದುರ್ಯೋಧನನನ್ನು ರನ್ನ ಎಷ್ಟು ಹತ್ತಿರದಿಂದ ನೋಡುತ್ತಾನೆ! ಗುರು ದ್ರೋಣ ಬಿದ್ದಿದ್ದಾನೆ, ಮಗ ಬಿದ್ದಿದ್ದಾನೆ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಎಲ್ಲರೂ ಬಿದ್ದಿದ್ದಾರೆ. ಶತ್ರುವಿನ ಮಗ ಅಭಿಮನ್ಯುವಿನ ದೇಹದ ಮುಂದೆ ನಿಂತು ಅವನ ಶೌರ್ಯಕ್ಕೆ ಕೈಮುಗಿದು, ನನಗೂ ನಿನ್ನಂಥ ಮರಣ ಸಿಗಲಿ ಎಂದು ಬೇಡುವವನೂ ಇದೇ ದುರ್ಯೋಧನ. ಹಳಗನ್ನಡ ಕಷ್ಟವೆಂದರೆ ಗದ್ಯಾನುವಾದ ಓದಿ, ಮೂಲದ ಒಂದೆರಡು ಪದ್ಯಗಳನ್ನು ಗಟ್ಟಿಯಾಗಿ ಹೇಳಿ.

ಆಮೇಲೆ ದ್ರೌಪದಿಯ ಸಭೆಯನ್ನು ಮರೆಸಬೇಡಿ. ಪಾತ್ರದ ಬಗ್ಗೆ ಕನಿಕರ ಹುಟ್ಟಿತೆಂದು ಅವನ ಅಪರಾಧ ಅಳಿಯಬಾರದು. ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಹದಿನೈದರ ಮಕ್ಕಳಿಗೆ ಕಷ್ಟ. ಆದರೂ ಅದನ್ನೇ ಕಲಿಸಬೇಕು. ನಮ್ಮ ಕಡೆಯ ಮಕ್ಕಳು ಯಕ್ಷಗಾನದಲ್ಲಿ ಕೌರವನ ಒಡ್ಡೋಲಗ ನೋಡಿ ಬೆಳೆದವರು. ಅವನ ಗತ್ತಿಗೆ ಚಪ್ಪಾಳೆ ತಟ್ಟಿದವರು. ‘ಕೆಟ್ಟವನೆಂದರೆ ಯಾಕೆ ಚಪ್ಪಾಳೆ ಹೊಡೆದೆ?’ ಎಂದು ಕೇಳಿ ನೋಡಿ.

ಪ್ರಶ್ನೆ: ಪಠ್ಯದ ಹೊರಗೆ ಮೊಮ್ಮಗಳಿಗೆ ನಮ್ಮ ಕಡೆಯ ಬದುಕು ಇರುವ ಬರಹ ಓದಿಸಬೇಕೆಂದಿದ್ದೇನೆ. ಯಾರದ್ದು ಓದಿಸಲಿ?
— ನಿವೃತ್ತ ಅಂಚೆ ನೌಕರ, ಅಂಕೋಲಾ

ಉತ್ತರ: ನೀವು ಅಂಕೋಲೆಯವರಾಗಿ ದಿನಕರ ದೇಸಾಯರ ಚುಟುಕಗಳಿಂದ ಶುರು ಮಾಡದಿದ್ದರೆ ಹೇಗೆ? ನಾಲ್ಕೇ ಸಾಲು. ಪ್ರತಿ ಚುಟುಕಕ್ಕೂ ‘ಇಲ್ಲಿ ಮಾತಾಡುತ್ತಿರುವವರು ಯಾರು, ಯಾರ ಮೇಲೆ ಸಿಟ್ಟು?’ ಎಂದು ಮೊಮ್ಮಗಳನ್ನು ಕೇಳಿ. ನಂತರ ಹನೇಹಳ್ಳಿಯ ಯಶವಂತ ಚಿತ್ತಾಲರ ಕಥೆಗಳು, ಗೋಕರ್ಣದ ಜಯಂತ ಕಾಯ್ಕಿಣಿಯವರ ಕಥೆಗಳು. ಇಬ್ಬರೂ ಈ ಕರಾವಳಿಯನ್ನೂ ಮುಂಬಯಿಯನ್ನೂ ಬರೆದವರು. ಊರು ಬಿಟ್ಟವನಿಗೆ ಊರು ಹೇಗೆ ಕಾಣುತ್ತದೆ ಎಂಬುದನ್ನು ಹುಡುಕುತ್ತಾ ಓದಲಿ. ನಿಮ್ಮ ಬಂಧುಗಳಲ್ಲೂ ಮುಂಬಯಿಗೆ ಹೋದವರು, ಕಾಳಿ ನದಿಯ ಅಣೆಕಟ್ಟುಗಳಿಗೋ ಸೀಬರ್ಡ್ ನೌಕಾನೆಲೆಗೋ ಮನೆ ಬಿಟ್ಟವರು ಇರಬಹುದು. ಅವರೊಡನೆ ಕೂತು ಮಾತಾಡಲಿ. ಕೆಲವು ಕಥೆ ದೊಡ್ಡವರಿಗೆ ಬರೆದವು, ನೀವು ಮೊದಲು ಓದಿ ಆರಿಸಿ ಕೊಡಿ.

ಅಚ್ಚಾದದ್ದು ಮಾತ್ರ ಸಾಹಿತ್ಯವೆಂದು ಅವಳು ತಿಳಿಯದಿರಲಿ. ನಿಮ್ಮದೇ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದದ್ದು ಹಾಲಕ್ಕಿ ಹಾಡುಗಳನ್ನು ಎದೆಯಲ್ಲಿ ಉಳಿಸಿಕೊಂಡದ್ದಕ್ಕೆ. ಅಕ್ಕಪಕ್ಕದ ಹಾಲಕ್ಕಿ ಅಜ್ಜಿಯೊಬ್ಬರ ಬಾಯಲ್ಲಿ ಒಂದು ಹಾಡು ಕೇಳಿಸಿ. ಆ ಹಾಡಿನಲ್ಲಿರುವ ಸೊಸೆ, ತಂಗಿ, ಅಣ್ಣ ಯಾರೆಂದು ಮೊಮ್ಮಗಳು ಬರೆದುಕೊಳ್ಳಲಿ.

ಪ್ರಶ್ನೆ: ಕಥೆ ಓದಿಸುವ ಬದಲು ಅದರ ಸಿನಿಮಾ ತೋರಿಸಿದರೆ ಸಾಲದೇ?
— ಪಾಲಕ, ದಾಂಡೇಲಿ

ಉತ್ತರ: ಓದಿದ ಮೇಲೆ ತೋರಿಸಿ. ಮೊದಲೇ ತೋರಿಸಿದರೆ ಪಾತ್ರದ ಮುಖ ನಟನ ಮುಖವಾಗಿ ಅಂಟಿಕೊಳ್ಳುತ್ತದೆ, ಮಗು ತನ್ನದೇ ಮುಖವನ್ನು ಕಲ್ಪಿಸಿಕೊಳ್ಳುವುದಿಲ್ಲ.

ಪ್ರಶ್ನೆ: ನೀವು ಹೇಳುವುದೆಲ್ಲ ಚೆನ್ನ. ಆದರೆ 40 ನಿಮಿಷದ ಅವಧಿ, ಡಿಸೆಂಬರ್ ಒಳಗೆ ಪೋರ್ಷನ್ ಮುಗಿಸಬೇಕು, ಆಮೇಲೆ ಪಾಸಾಗಲು ಬೇಕಾದಷ್ಟನ್ನೇ ಕಲಿಸುವ ಪಾಸಿಂಗ್ ಪ್ಯಾಕೇಜ್, ಸರಣಿ ಪರೀಕ್ಷೆ. ಫಲಿತಾಂಶ ಕಡಿಮೆಯಾದರೆ ಸಭೆಯಲ್ಲಿ ಎದ್ದು ನಿಲ್ಲಬೇಕಾದವರು ನಾವು. ಇದಕ್ಕೆಲ್ಲ ಸಮಯ ಎಲ್ಲಿದೆ ಅಕ್ಕೋರೇ? ಮಕ್ಕಳು ಸ್ವಂತ ಅಭಿಪ್ರಾಯ ಬರೆದರೆ ಅಂಕ ಹೋಗುವ ಭಯವೂ ಇದೆ.
— ಕನ್ನಡ ಶಿಕ್ಷಕ, ಹೊನ್ನಾವರ ತಾಲ್ಲೂಕು

ಉತ್ತರ: ನಿಮ್ಮ ಭಯ ನಿಜವಾದದ್ದು, ತಮ್ಮಾ. ಫಲಿತಾಂಶದ ಭಾರವನ್ನು ಶಿಕ್ಷಕರೊಬ್ಬರ ಹೆಗಲಿಗೆ ಹೇರುವ ಪದ್ಧತಿ ನನಗೂ ಒಪ್ಪಿಗೆಯಿಲ್ಲ. ಎಲ್ಲ ಪಾಠಕ್ಕೂ ಹೀಗೆ ಮಾಡಿ ಎಂದು ನಾನು ಹೇಳುವುದಿಲ್ಲ, ಅದು ಆಗುವ ಕೆಲಸವೂ ಅಲ್ಲ. ದಸರೆ ರಜೆಯ ಮೊದಲು ಒಂದು ಪದ್ಯ, ರಜೆಯ ನಂತರ ಒಂದು ಗದ್ಯ ಆರಿಸಿಕೊಳ್ಳಿ. ಆ ಎರಡಕ್ಕೆ ಮಾತ್ರ ಧಾರಾಳವಾಗಿ ಸಮಯ ಕೊಡಿ. ಮಿಕ್ಕ ಪಾಠಗಳನ್ನು ನಿಮ್ಮ ಎಂದಿನ ವೇಗದಲ್ಲೇ ನಡೆಸಿ. ಒಂದು ಪಾಠದಲ್ಲಿ ಸಾಲು ಹುಡುಕಿ ಕಲಿತ ಮಗು ಇನ್ನೊಂದರಲ್ಲಿ ತಾನೇ ಹುಡುಕುತ್ತದೆ. ಪ್ರಥಮ ಭಾಷೆಗೆ ಪರೀಕ್ಷೆಯ ಅಂಕದ ಜೊತೆ ಆಂತರಿಕ ಅಂಕಗಳೂ ಇವೆ. ತಾಳಮದ್ದಲೆಯ ಮಾದರಿಯ ಮಾತುಗಾರಿಕೆ, ಪಾತ್ರದ ಹೆಸರಿನಲ್ಲಿ ಬರೆದ ಪತ್ರ, ದಿನಚರಿ ಇವನ್ನೆಲ್ಲ ಆ ಲೆಕ್ಕದಲ್ಲೇ ಸೇರಿಸಿಕೊಳ್ಳಬಹುದು. ಪ್ರಾಜೆಕ್ಟ್ ಎಂದು ಅಂತರ್ಜಾಲದಿಂದ ಕವಿಯ ಚಿತ್ರ ತೆಗೆದು ಅಂಟಿಸುವುದಕ್ಕಿಂತ ಅದು ಎಷ್ಟೋ ಮೇಲು.

ಅಂಕದ ಬಗ್ಗೆ: ಸಂದರ್ಭ ತಪ್ಪಬಾರದು, ಪಾಠದಲ್ಲಿರುವ ಅಂಶಗಳು ಬಿಡಬಾರದು. ಮೌಲ್ಯಮಾಪಕರು ಮೊದಲು ಹುಡುಕುವುದು ಅವನ್ನೇ. ಅವೆಲ್ಲ ಬರೆದ ಮೇಲೆ, ಪದ್ಯದ ಸಾಲನ್ನು ಉಲ್ಲೇಖಿಸಿ, ‘ಆದ್ದರಿಂದ ನನಗೆ ಹೀಗನ್ನಿಸುತ್ತದೆ’ ಎಂದು ಎರಡು ವಾಕ್ಯ ಸೇರಿಸಲು ಮಕ್ಕಳಿಗೆ ಹೇಳಿ. ಸಾಲಿನ ಆಧಾರವಿರುವ ಅಭಿಪ್ರಾಯಕ್ಕೆ ಅಂಕ ಕಳೆಯುವ ಮೌಲ್ಯಮಾಪಕರು ಅಪರೂಪ. ನೂರಾರು ಉತ್ತರ ಪತ್ರಿಕೆಗಳಲ್ಲಿ ಒಂದೇ ಗೈಡಿನ ವಾಕ್ಯ ಓದಿ ದಣಿದವರಿಗೆ ಅಂಥ ಎರಡು ವಾಕ್ಯ ಸಿಕ್ಕಿದರೆ ಅವರು ನಿಂತು ಓದುತ್ತಾರೆ. ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತು ನಾನೂ ಹಾಗೆ ನಿಂತು ಓದಿದ್ದೇನೆ, ಪಕ್ಕದವರಿಗೂ ಓದಿ ಹೇಳಿದ್ದೇನೆ.

ನಿಮ್ಮ ತಾಲ್ಲೂಕಿನಲ್ಲೇ ಗುಣವಂತೆ ಇದೆ. ಕೆರೆಮನೆಯವರ ಇಡಗುಂಜಿ ಮೇಳ 1934ರಿಂದ ಯಕ್ಷಗಾನ ನಡೆಸಿಕೊಂಡು ಬಂದ ಊರು. ಈ ವರ್ಷದ ಶೈಕ್ಷಣಿಕ ಪ್ರವಾಸದ ಪಟ್ಟಿಗೆ ಅದನ್ನೂ ಸೇರಿಸಿ. ಹೊರಡುವ ಮೊದಲು ಮಕ್ಕಳಿಂದ ಕರ್ಣನಿಗೋ ಕೃಷ್ಣನಿಗೋ ಕೇಳಬೇಕಾದ ಒಂದೊಂದು ಪ್ರಶ್ನೆ ಬರೆಸಿಕೊಂಡು ಹೋಗಿ, ಕಲಾವಿದರ ಮುಂದಿಡಿ. ಅವರೇನು ಉತ್ತರಿಸಿದರು ಎಂದು ನನಗೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಆ ಪ್ರಶ್ನೆಗಳಿಗೇ ಜಾಗ ಬಿಡುತ್ತೇನೆ.